ಕತ್ತಲಲ್ಲಿ ಮುಡಿಸಿದ ಹೂ

ಹುಟ್ಟೂರಿಗೆ ಮರಳಿದವನನ್ನು ಊರೇ ಸೇರಿ ಕೊಲ್ಲಲು ನೋಡುವ ಒಂದು ಹಿಂದಿ ಸಿನಿಮಾ ಐವತ್ತರ ದಶಕದಲ್ಲಿ ದಾದರಿನಲ್ಲಿ ನಡೆಯುತ್ತಿತ್ತು. ಅದರ ಮುಕ್ಕಾಲು ಭಾಗ ನೋಡಿದ್ದೇನೆ. ಉಳಿದದ್ದನ್ನು ಯಾಕೆ ನೋಡಲಿಲ್ಲ ಎಂದು ನೆನಪಿಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಾನು ಹುಟ್ಟಿ ಬೆಳೆದದ್ದು ಪರೇಲಿನ ಚಾಳಿನಲ್ಲಿ. ಅಪ್ಪ ವಿಜಾಪುರದ ಕಡೆಯಿಂದ ಬಂದು ಅರಿವೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ನನ್ನನ್ನು ಧಾರವಾಡದ ಸೋದರತ್ತೆಯ ಮನೆಯಲ್ಲಿಟ್ಟು ಟ್ರೇನಿಂಗ್ ಕಾಲೇಜು ಓದಿಸಿದ್ದರು. ಅಲ್ಲಿಯೇ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ನಾಲ್ಕನೇ ಇಯತ್ತೆಯ ತರಗತಿ ನನ್ನದು ಎಂದು ಹೆಡ್‌ಬಾಯಿ ಹೇಳಿದ ದಿನ ನನಗೆ ಊಟ ಸೇರಿರಲಿಲ್ಲ, ಅಷ್ಟು ಸಂತೋಷ. ದೀಪಾವಳಿ ಮುಗಿಸಿಕೊಂಡು ಬುಧವಾರ ಹಾಜರಾಗಬೇಕು. ಹಬ್ಬಕ್ಕೆಂದು ಮುಂಬಯಿಗೆ ಬಂದೆ.

ಬಂದ ಗಳಿಗೆಯಿಂದ ಚಾಳಿನವರ ಪ್ರೀತಿ ಉಕ್ಕಿ ಹರಿಯಿತು. ಒಬ್ಬಾಕೆ ನನ್ನ ಜಡೆ ಎತ್ತಿ ತೂಗಿ ನೋಡಿದಳು. ಇನ್ನೊಬ್ಬಾಕೆ ಹೋಳಿಗೆ ಮಾಡಲು ಕರೆದು ನನ್ನ ಕೈಗೇ ಲಟ್ಟಣಿಗೆ ಕೊಟ್ಟು, ತಾನು ಗಲ್ಲಕ್ಕೆ ಕೈಯಿಟ್ಟು ನೋಡುತ್ತ ಕುಳಿತಳು. ಇಷ್ಟು ಓದಿದವಳಿಗೆ ಸುಳಿವು ಹತ್ತಬೇಡವೇ? ಹತ್ತಲಿಲ್ಲ. ನಮ್ಮ ಚಾಳಿನವರು ಎಷ್ಟು ಒಳ್ಳೆಯವರು ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಅವ್ವ, "ನಾಳೆ ನೀ ಹೊಂಟಿ. ಇವತ್ತ ಎಲ್ಲಾರೂ ಕೂಡಿ ಪಿಕ್ಚರ್ ನೋಡೋಣು," ಅಂದಳು. ಸಿನಿಮಾ ಎಂದರೆ ಮುಖ ಸಿಂಡರಿಸುತ್ತಿದ್ದ ಅವ್ವ. ನಾನು ಖುಷಿಯಿಂದ ಹೊರಟೆ.

ಸಿನಿಮಾದ ಹೀರೋ ತನ್ನ ಹಳೆಯ ಮನೆ ಮಾರಲು ಊರಿಗೆ ಬರುತ್ತಾನೆ. ಊರಿನವರೆಲ್ಲ ಸೇರಿ ಹಿಂದೆ ಅವನ ಅಣ್ಣನನ್ನು ಮುಗಿಸಿರುತ್ತಾರೆ. ಗುಟ್ಟು ರಟ್ಟಾದೀತೆಂಬ ಭಯಕ್ಕೆ ಹಾರ ಹಾಕಿ ಸ್ವಾಗತಿಸುತ್ತಾರೆ, ಉಪಚರಿಸುತ್ತಾರೆ, ಹೊರಗೆ ಬಿಡುವುದಿಲ್ಲ. ಅವನಿಗೆಂದು ಮಾಡಿದ ವಿಷದ ಪಾಯಸವನ್ನು ಅವನು ಮರ್ಯಾದೆಗೆ ಪಕ್ಕದ ಮನೆಗೆ ಕೊಡುತ್ತಾನೆ, ಅವರು ಮರ್ಯಾದೆಗೆ ಇನ್ನೊಂದು ಮನೆಗೆ ಕಳಿಸುತ್ತಾರೆ. ಕೊನೆಗೆ ಅದನ್ನು ಕುಡಿಯುವವನು ಮಾಡಿಸಿದ ಸಾಹುಕಾರನೇ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆಗ ಹಿಂದಿನ ಸಾಲಿನಿಂದ ಒಂದು ಕೈ ಬಂದು ನನ್ನ ಜಡೆ ಮುಟ್ಟಿತು. ಮಲ್ಲಿಗೆಯ ವಾಸನೆ ಬಂತು. ನಮ್ಮ ಜೊತೆ ಬಂದ ಚಾಳಿನ ಹೆಂಗಸರಲ್ಲಿ ಯಾರೋ ಒಬ್ಬ ಕಾಕು ಇರಬೇಕೆಂದು, ಪರದೆಯಿಂದ ಕಣ್ಣು ಕೀಳದೆ, ಅವರಿಗೆ ಅನುಕೂಲವಾಗಲೆಂದು ತಲೆ ಬಾಗಿಸಿ ಕೊಟ್ಟೆ.

ಇಂಟರ್ವಲ್ಲಿನ ದೀಪ ಹತ್ತಿತು. ತಿರುಗಿ ನೋಡಿದರೆ ಹಿಂದಿನ ಸಾಲಿನಲ್ಲಿ ಎಲ್ಲ ಅಪರಿಚಿತ ಮುಖಗಳು. ಎಲ್ಲವೂ ನನ್ನನ್ನೇ ನೋಡಿ ನಗುತ್ತಿದ್ದವು.

ಚಾಳಿನ ಒಂದೇ ಖೋಲಿಯಲ್ಲಿ ಬೀಗರನ್ನು ಕೂರಿಸಲು ಜಾಗವಿಲ್ಲದ್ದರಿಂದ ನಮ್ಮವರು ಹೆಣ್ಣು ತೋರಿಸುತ್ತಿದ್ದುದು ಸಿನಿಮಾದಲ್ಲಿ. ಹೆಣ್ಣಿನ ಕಡೆಯವರು ಮುಂದಿನ ಸಾಲು, ಗಂಡಿನ ಕಡೆಯವರು ಹಿಂದಿನ ಸಾಲು. ದೀಪ ಹತ್ತಿದಾಗ ನೋಡುವುದು, ಒಪ್ಪಿಗೆಯಾದರೆ ಹೂ ಮುಡಿಸುವುದು. ಹೂ ಮುಡಿದರೆ ಮಾತು ಮುಗಿಯಿತು, ಹುಡುಗಿ ಅವರ ಮನೆಯವಳು. ಇದೆಲ್ಲ ನನಗೂ ಗೊತ್ತಿತ್ತು. ದೀಪ ಹತ್ತುವ ಮೊದಲೇ ಮುಡಿಸಿಬಿಡುತ್ತಾರೆಂದು ಮಾತ್ರ ಗೊತ್ತಿರಲಿಲ್ಲ.

"ಇಂಟರ್ವಲ್ ತನಾ ಕುಂತ್ರ ರಾಹುಕಾಲ ಬರತಿತ್ತವಾ," ಎಂದಳು ಹೂ ಮುಡಿಸಿದ ಹೆಂಗಸು. "ಪಾಪ, ಎಷ್ಟ ಶಾಣೇ ಹುಡುಗಿ, ತಾನಾಗೇ ತಲಿ ತಗ್ಗಿಸಿ ಕೊಟ್ಟಳು."

ನಾನು ಹೂವಿಗೆ ಕೈ ಹಾಕಿದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು. ಬಿಡಲಿಲ್ಲ.

"ನನ್ನ ನೌಕರಿ ಐತಿ. ಬುಧವಾರ ಹಾಜರಾಗಬೇಕು," ಎಂದೆ, ಎಲ್ಲರಿಗೂ ಕೇಳುವ ಹಾಗೆ.

"ನಮ್ಮ ಬೊರಿವಲಿ ಮನ್ಯಾಗೂ ಕೆಲಸಕ್ಕೇನ ಕಮ್ಮಿ ಇಲ್ಲ ಬಿಡವಾ," ಎಂದು ಆ ಹೆಂಗಸು ನಕ್ಕಳು. ಎಲ್ಲರೂ ನಕ್ಕರು. ಗಂಡು ಅನ್ನಿಸಿಕೊಂಡ ಹುಡುಗನೊಬ್ಬನೇ ಬಾಗಿಲಿನ ಕಡೆ ನೋಡುತ್ತಿದ್ದ.

ಮತ್ತೆ ಕತ್ತಲಾಯಿತು. ಪರದೆಯ ಮೇಲೆ ಹೀರೋ ಸ್ಟೇಶನ್ನಿಗೆ ಓಡುತ್ತಿದ್ದ, ಊರಿನವರು ಪ್ರೀತಿಯಿಂದ ಹಿಡಿದು ತರುತ್ತಿದ್ದರು. ಸುತ್ತಲಿನ ಜನ ನಗುತ್ತಿದ್ದರು. ಅಕ್ಕಪಕ್ಕ ಅವ್ವ, ಅಪ್ಪ, ಹಿಂದೆ ಬೀಗರು, ಎದ್ದು ಹೋಗಬೇಕೆಂದರೆ ಎಲ್ಲರ ಮೊಣಕಾಲು ದಾಟಬೇಕು. ಬೊರಿವಲಿಯ ಲೋಕಲ್ಲಿನಲ್ಲಿ ಆಮೇಲೆ ಗದ್ದಲವಾಗುತ್ತದೆಂದು ಆಟ ಮುಗಿಯುವ ಮೊದಲೇ ಎಲ್ಲರೂ ಎದ್ದರು.

ರಸ್ತೆಯಲ್ಲಿ ಅಪ್ಪನಿಗೆ ಹೇಳಿದೆ, "ಗೊತ್ತಿಲ್ದೆ ತಲಿ ತಗ್ಗಿಸಿದೆ. ಇದು ಲೆಕ್ಕಕ್ಕಿಲ್ಲ. ನಾ ನಾಳೆ ಹೋಗಾಕಿ."

ಅಪ್ಪ ಬಹಳ ಮೆತ್ತಗೆ ಮಾತಾಡುವ ಮನುಷ್ಯ. "ಹೂ ಇಳಿಸಿದ ಹುಡುಗಿನ್ನ ಮತ್ತ ಯಾರ ಕೇಳತಾರವಾ? ನಿನ್ನ ತಂಗೀನ್ನ ಯಾರ ಕೇಳತಾರ?" ಎಂದರು. ಬೈದಿದ್ದರೆ ಬೈದು ಉತ್ತರ ಕೊಡುತ್ತಿದ್ದೆ. ಚಾಳಿಗೆ ಬಂದರೆ ಗ್ಯಾಲರಿಯ ತುಂಬ ಹೆಂಗಸರು, ಕೈಯಲ್ಲಿ ಆರತಿ ತಟ್ಟೆ. ಅವರಿಗೆಲ್ಲ ಮೊದಲೇ ಗೊತ್ತಿತ್ತು.

ಧಾರವಾಡಕ್ಕೆ ನನ್ನ ಬದಲು ಅಪ್ಪನ ತಂತಿ ಹೋಯಿತು. ತಿಂಗಳೊಳಗೆ ನಾನು ಬೊರಿವಲಿಗೆ ಹೋದೆ. ಗಂಡ ಕೆಟ್ಟ ಮನುಷ್ಯರಲ್ಲ. ಬಹಳ ದಿನ ಮಾತಿಲ್ಲದೆ ಉಂಡೆದ್ದು ಹೋಗುತ್ತಿದ್ದವರು ಒಮ್ಮೆ ಬೆಳಿಗ್ಗೆ ಚಹಾ ಕುಡಿಯುತ್ತ ಕೇಳಿದರು, "ಆ ಪಿಕ್ಚರದಾಗ ಅಂವ ಕಡೀಕೆ ಪಾರಾದನೋ, ಸತ್ತನೋ?"

"ನನಗೂ ಗೊತ್ತಿಲ್ಲ."

"ನನಗ ಪಿಕ್ಚರ್ ಅಂತ ಅಷ್ಟಽ ಹೇಳಿ ಕರಕೊಂಡ ಬಂದಿದ್ರು," ಎಂದರು. "ಹೂ ನೋಡಿದ ಮ್ಯಾಲೆ ತಿಳೀತು."

ನನಗೆ ನಗು ಬಂತು. ಅವರೂ ನಕ್ಕರು. ಮದುವೆಯಾದ ಮೇಲೆ ನಾವಿಬ್ಬರೂ ಸೇರಿ ನಕ್ಕದ್ದು ಅದೇ ಮೊದಲು. ಪಾಪ, ಇವರೂ ನನ್ನ ಹಾಗೆಯೇ ಸಿಕ್ಕಿಬಿದ್ದವರು ಎಂದುಕೊಂಡೆ. ಅಷ್ಟರಲ್ಲಿ ಅವರು ಗಡಿಯಾರ ನೋಡಿ ಗಡಬಡಿಸಿ ಎದ್ದು, ಡಬ್ಬಿ ತೆಗೆದುಕೊಂಡು, ಲೋಕಲ್ ಹಿಡಿದು ತಮ್ಮ ನೌಕರಿಗೆ ಹೋದರು. ನಾನು ಒಳಗಿನಿಂದ ಅಗಳಿ ಹಾಕಿಕೊಂಡು, ನಾಲ್ಕನೇ ಇಯತ್ತೆಯ ಹುಡುಗಿಯರಿಗೆ ಈಗ ಯಾರು ಕಲಿಸುತ್ತಿದ್ದಾರೋ ಎಂದು ಬಾಯಿಬಿಟ್ಟು ಅತ್ತೆ.