ಅಪ್ಪ ಪಾಸು ಮಾಡಿದ ಕಾರ್ಟೂನು

ಎಂಬತ್ತರ ದಶಕದ ಮಾತು. ತಮಿಳು ಸೀಮೆಯ ಸೋಮನೂರಿನ ನಮ್ಮ ಮನೆಗೆ ಅಂಟಿಕೊಂಡೇ ನಾಲ್ಕು ಪವರ್‌ಲೂಮಿನ ಶೆಡ್ಡಿತ್ತು. ಮಗ್ಗ ಓಡುವಾಗ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಹಾಗಾಗಿ ನಮ್ಮಲ್ಲಿ ಓದು ನಡೆಯುತ್ತಿದ್ದುದು ಕರೆಂಟ್ ಹೋದಾಗ ಮಾತ್ರ. ಮಗ್ಗ ನಿಂತ ಕೂಡಲೇ ಅಜ್ಜಿ, "ಪಾಪಾ, ಪುಸ್ತಕ ಎತ್ಕೊಂಡು ಬಾ" ಎಂದು ನನ್ನನ್ನು ಕರೆಯುತ್ತಿದ್ದರು. ಅವರು ಕೈರಾಟೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಕೇಳುತ್ತಿದ್ದರು. ಅಮ್ಮನೂ ಮಗ್ಗದವರೂ ಬೆವರು ಒರೆಸಿಕೊಂಡು ಬಂದು ಕೂರುತ್ತಿದ್ದರು.

ಪುಸ್ತಕವೆಂದರೆ ಅಪ್ಪ ನೂಲಂಗಡಿಯಿಂದ ತರುತ್ತಿದ್ದ ಹಳೆಯ ತಮಿಳು ವಾರಪತ್ರಿಕೆ. ನಾವು ಮನೆಯಲ್ಲಿ ಆಡುತ್ತಿದ್ದುದು ಕನ್ನಡವೇ, ಆದರೆ ಅದರ ಅಕ್ಷರ ಯಾರಿಗೂ ಬಾರದು. ತಮಿಳು ಓದಬಲ್ಲವಳು ಐದನೇ ಕ್ಲಾಸಿನ ನಾನೊಬ್ಬಳೇ. ಜಂಭಕ್ಕೇನೂ ಕಡಿಮೆ ಇರಲಿಲ್ಲ. ಕಾಫಿ ಕೊಟ್ಟರೇ ಓದುವುದು ಎಂದು ಕೂಡ ಹಟ ಮಾಡಿದ್ದೇನೆ.

ಅಜ್ಜಿಗೆ ಕಾರ್ಟೂನೆಂದರೆ ಪ್ರಾಣ. ಬೊಂಬೆ ಬರೆದಿದ್ದರೆ ಅದು ಮಕ್ಕಳಿಗೇ ಎಂದು ಅಪ್ಪ ನಂಬಿದ್ದರು. ಒಂದು ಮಧ್ಯಾಹ್ನ ಎಲ್ಲರ ಮುಂದೆ ಗಂಟಲು ಸರಿಮಾಡಿಕೊಂಡು ಓದಿದೆ. ಆಫೀಸರನ ತೊಡೆಯ ಮೇಲೆ ಟೈಪಿಸ್ಟ್ ಕೂತಿದ್ದಾಳೆ, ಬಾಗಿಲಲ್ಲಿ ಅವನ ಹೆಂಡತಿ. 'ಏನು ಮಾಡೋದು, ಆಫೀಸಿನಲ್ಲಿ ಒಂದು ಕುರ್ಚಿ ಕಡಿಮೆ' ಎನ್ನುತ್ತಾನೆ ಆತ. ಮಗ್ಗದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. "ನಮ್ಮ ಶೆಡ್ಡಲ್ಲೂ ಒಂದೇ ಸ್ಟೂಲ್ ಅಲ್ವಾಪ್ಪಾ?" ಎಂದೆ. ನಗು ಇನ್ನೂ ಜೋರಾಯಿತು. ಅಪ್ಪನ ಕಿವಿ ಕೆಂಪಾಯಿತು.

"ಇನ್ಮೇಲೆ ಈ ಪುಸ್ತಕ ಮನೇಗೆ ಬರಕ್ಕೂಡ್ದು" ಎಂದರು ಸಂಜೆ. ಪಾಠದ ಪುಸ್ತಕ ಬಿಟ್ಟರೆ ಓದಲು ನನಗಿದ್ದುದು ಅದೊಂದೇ. ಅಜ್ಜಿ ರಾಟೆ ನಿಲ್ಲಿಸಿ, "ಅವ್ಳು ಓದ್ದಿದ್ರೆ ನಂಗ್ಯಾರು ಓದ್ತಾರೆ? ನೀನು ಓದ್ತೀಯಾ?" ಎಂದು ಮಗನನ್ನೇ ಕೇಳಿದರು. ಅಪ್ಪ ಸಹಿ ಹಾಕಲಷ್ಟೇ ಕಲಿತವರು. "ಸರಿ, ನಾನು ನೋಡ್ಕೊಡ್ತೀನಿ" ಎಂದರು.

ನೇಯ್ದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಎಳೆ ತಪ್ಪಿದ ಕಡೆ ಗುರುತು ಹಾಕುವುದು ಅಪ್ಪನ ನಿತ್ಯದ ಕೆಲಸ. ಪತ್ರಿಕೆಯನ್ನೂ ಹಾಗೆಯೇ ಬಾಗಿಲ ಬೆಳಕಿನಲ್ಲಿ ಒಂದೊಂದೇ ಪುಟ ನೋಡಿ, ಬೇಡದ್ದರ ಮೂಲೆ ಮಡಚಿ ಕೊಡತೊಡಗಿದರು. ಬಾಟಲಿ ಕಂಡರೆ ಮಡಚು, ಮಂಡಿ ಕಂಡರೆ ಮಡಚು. ಒಮ್ಮೆ ಕೆರೆಯಲ್ಲಿ ಮೀಯುತ್ತಿದ್ದ ಎಮ್ಮೆಯನ್ನೂ ಬಿಡಲಿಲ್ಲ. ಅಜ್ಜಿ ಗೊಣಗುತ್ತಿದ್ದರು. ನಾನಂತೂ ಪತ್ರಿಕೆ ಉಳಿಯಿತಲ್ಲ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಹೀಗೆ ಒಂದು ವರ್ಷ ನಡೆಯಿತು. ಒಂದು ದಿನ ಅಪ್ಪ ಮಡಚದೆ ಬಿಟ್ಟ ಪುಟದಲ್ಲಿ ಗಂಡ ಹೆಂಡತಿ ಊಟಕ್ಕೆ ಕೂತಿದ್ದರು. ಕೆಳಗಿನ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡೆ. ಅಷ್ಟು ಹೊತ್ತಿಗೆ ಅಷ್ಟಿಷ್ಟು ತಿಳಿಯುತ್ತಿತ್ತು. ಮುಖ ಬಿಸಿಯಾಯಿತು.

"ಯಾಕೆ ನಿಲ್ಸ್‌ಬಿಟ್ಟೆ?" ಎಂದರು ಅಜ್ಜಿ.

"ಇದು ಬೇಡಜ್ಜಿ."

ಅಪ್ಪ ಪತ್ರಿಕೆ ಇಸಿದುಕೊಂಡು ನೋಡಿದರು. "ನಾನೇ ನೋಡಿದ್ನಲ್ಲ. ಊಟ ಮಾಡ್ತಾವ್ರೆ, ಅದ್ರಲ್ಲೇನು?"

"ಬೊಂಬೆ ಸರಿ ಐತಪ್ಪಾ. ಕೆಳಗೆ ಬರ್ದಿರೋದು ಸರಿ ಇಲ್ಲ."

"ಏನ್ ಬರ್ದೈತೆ?"

"ಹೇಳಕ್ಕಾಗಲ್ಲಪ್ಪಾ."

ಇನ್ನು ಪತ್ರಿಕೆ ಒಲೆಗೇ ಎಂದುಕೊಂಡೆ. ಅಪ್ಪ ಆ ಸಾಲನ್ನೇ ನೋಡುತ್ತ ಕೂತರು. ಬೆರಳನ್ನು ಅಕ್ಷರಗಳ ಮೇಲೆ ಒಮ್ಮೆ ಆಡಿಸಿದರು, ಏನೂ ದಕ್ಕಲಿಲ್ಲ. ಇಷ್ಟು ದಿನ ನಾನು ಇಂಥವನ್ನು ಎಷ್ಟು ಓದಿಕೊಂಡು ಸುಮ್ಮನಿದ್ದೆನೋ ಎಂದು ಅವರಿಗೆ ಅನ್ನಿಸಿರಲೇಬೇಕು. ಬೇರೆ ತಂದೆಯಾಗಿದ್ದರೆ ಅವತ್ತೇ ನನ್ನ ಓದು ಮುಗಿಯುತ್ತಿತ್ತು. ಅದಕ್ಕೇ ಇವತ್ತಿಗೂ ಯಾವ ಪುಸ್ತಕ ತೆರೆದರೂ ಮನಸ್ಸಿನಲ್ಲಿ ಅವರಿಗೊಂದು ಕೈ ಮುಗಿಯುತ್ತೇನೆ. ಅಪ್ಪ ಬೈಯಲಿಲ್ಲ. ಪತ್ರಿಕೆಯನ್ನು ನನ್ನ ಮಡಿಲಲ್ಲಿಟ್ಟರು.

"ಇನ್ಮೇಲೆ ನೀನೇ ನೋಡ್ಕೊ ಪಾಪಾ" ಎಂದರು. "ನಾವು ಕೇಳಬಾರ್ದು ಅನ್ಸಿದ್ದನ್ನ ಬಿಟ್ಟು ಓದು."