ಒಂದು ಚುಕ್ಕೆಯಷ್ಟು ದಾಕ್ಷಿಣ್ಯ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ದೀಪ ಹಾಕಿಲ್ಲ. ಪರದೆಯ ಬೂದು ಬೆಳಕಿನಲ್ಲಿ ಒಬ್ಬ ಹೆಂಗಸಿನ ಮುಖ ಮಾತ್ರ ಕಾಣುತ್ತದೆ. ಪರದೆಯ ಮೇಲೆ ಯಾರದೋ ಹೊಟ್ಟೆ, ಸೌತೆಕಾಯಿ ಹೆಚ್ಚಿದ ಹಾಗೆ ಅಡ್ಡಡ್ಡ ಬಿಲ್ಲೆಗಳಾಗಿ ಹರಡಿಕೊಂಡಿದೆ. ಆಕೆ ಮೌಸಿನ ಚಕ್ರವನ್ನು ಮುಂದೆ ತಿರುಗಿಸಿದರೆ ಬೆನ್ನೆಲುಬಿನ ಮುಂದಿರುವ ದೊಡ್ಡ ರಕ್ತನಾಳ ಉಬ್ಬುತ್ತದೆ, ಹಿಂದೆ ತಿರುಗಿಸಿದರೆ ಕುಗ್ಗುತ್ತದೆ. ಮುಂದೆ, ಹಿಂದೆ. ಬಾಗಿಲಲ್ಲಿ ನಿಂತು ನೋಡುವವರಿಗೆ ಕತ್ತಲಲ್ಲಿ ಯಾರೋ ಉಸಿರಾಡುತ್ತಿದ್ದಾರೆ ಎಂದೇ ಅನಿಸುತ್ತದೆ.

"ಹೆದರ್ಕೋಬೇಡಿ, ಅದು ಉಸಿರಲ್ಲ, ನನ್ನ ಬೆರಳು" ಎನ್ನುತ್ತಾರೆ ಆಕೆ, ಹಿಂತಿರುಗಿ ನೋಡದೆಯೇ.

ಮೇಲಿನ ಮಹಡಿಗಳ ವೈದ್ಯರಲ್ಲಿ ಹೆಚ್ಚಿನವರಿಗೆ ಇವರ ಮುಖಪರಿಚಯವಿಲ್ಲ. ಗೊತ್ತಿರುವ ನಾಲ್ಕು ಜನ 'ಗೆರೆಯಕ್ಕ' ಎಂದು ಕರೆಯುತ್ತಾರೆ. ಸ್ಕ್ಯಾನ್ ಚಿತ್ರದಲ್ಲಿ ಊದಿಕೊಂಡ ನಾಳದ ಗೋಡೆಯ ಒಳಅಂಚಿಗೊಂದು, ಹೊರಅಂಚಿಗೊಂದು ಗೆರೆ ಎಳೆಯುವುದೇ ಇವರ ಕೆಲಸ. ಒಬ್ಬರಿಗೆ ಮುನ್ನೂರು ಬಿಲ್ಲೆ, ಅಂದರೆ ಆರುನೂರು ಗೆರೆ. ದಿನಕ್ಕೆ ಮೂವರು. ಹನ್ನೊಂದು ವರ್ಷದಿಂದ ಇದೇ ಕುರ್ಚಿ. ಗೆರೆಗಳನ್ನೆಲ್ಲ ಜೋಡಿಸಿ ಕಂಪ್ಯೂಟರ್ ಇಡೀ ನಾಳವನ್ನು ಕಟ್ಟಿ ನಿಲ್ಲಿಸುತ್ತದೆ. ರಕ್ತದ ಒತ್ತಡಕ್ಕೆ ಗೋಡೆಯ ಯಾವ ಜಾಗ ಎಷ್ಟು ಜಗ್ಗುತ್ತಿದೆ ಎಂದು ಲೆಕ್ಕ ಹಾಕಿ ಬಣ್ಣ ಹಚ್ಚುತ್ತದೆ. ಹಸಿರಾದರೆ ಕಾಯಬಹುದು. ಕೆಂಪಾದರೆ ಯಾವ ಗಳಿಗೆಯಲ್ಲಾದರೂ ಒಡೆಯಬಹುದು.

ಗೆರೆಯನ್ನೂ ಕಂಪ್ಯೂಟರೇ ಎಳೆಯಬಹುದಲ್ಲ ಎಂದರೆ ನಗುತ್ತಾರೆ. "ಎಳೆಯುತ್ತೆ. ಗೋಡೆ ಮಸುಕಾಗಿರೋ ಕಡೆ ಅದು ಧೈರ್ಯವಾಗಿ ತಪ್ಪು ಮಾಡುತ್ತೆ. ನಾನು ಹೆದರಿ ಹೆದರಿ ಸರಿ ಮಾಡ್ತೀನಿ."

ಚಿತ್ರಗಳಿಗೆ ಹೆಸರಿಲ್ಲ, ನಂಬರ್ ಮಾತ್ರ. ಯಾರ ಒಳಗನ್ನೆಲ್ಲ ನೋಡಿದರೋ ಅವರು ಬದುಕಿದ್ದಾರೋ ಇಲ್ಲವೋ ಇವರಿಗೆ ತಿಳಿಯುವುದೇ ಇಲ್ಲ. ಅದಕ್ಕೇ ಪ್ರತಿ ನಂಬರಿಗೂ ಮೊದಲು ಮೆಲ್ಲಗೆ ನಮಸ್ಕಾರ ಹೇಳುತ್ತಾರೆ. "ಬಸ್ಸಲ್ಲಿ ಎದುರು ಕೂತವರ ಮುಖ ನೋಡಲ್ಲ, ಹೊಟ್ಟೆ ನೋಡ್ತೀನಿ. ಬೈಸ್ಕೊಂಡಿದೀನಿ ಕೂಡ."

ಇವರು ದರ್ಜಿಯ ಮಗಳು. ಹೊಟ್ಟೆ ಒಳಗೆಳೆದುಕೊಂಡು ನಿಂತ ಗಿರಾಕಿ ಉಸಿರು ಬಿಡುವವರೆಗೂ ಅಪ್ಪ ಟೇಪು ಹಿಡಿದು ಕಾಯುತ್ತಿದ್ದರಂತೆ. "ಅಳತೇಲಿ ದಾಕ್ಷಿಣ್ಯ ಇಟ್ಕೋಬಾರದು ಮಗಳೇ, ಆಮೇಲೆ ಹೊಲಿಗೆ ಬಿಟ್ಟುಹೋಗುತ್ತೆ" ಎನ್ನುವುದು ಅವರ ಮಾತು. ಕೆಲಸ ಕಲಿಯುವ ಕಾಲದಲ್ಲಿ ಅವರು ಸೂಜಿಯ ಮೇಲೆ ಕೂತು, ಅದರ ತುದಿ ಮುರಿದು ಸೊಂಟದಲ್ಲೇ ಉಳಿದದ್ದು ಮನೆಮಂದಿಯ ಹಳೆಯ ತಮಾಷೆ.

ಎರಡು ವರ್ಷದ ಹಿಂದೆ, ಹೀಗೇ ಒಂದು ಬೆಳಿಗ್ಗೆ ಹೊಸ ನಂಬರ್ ಬರುತ್ತದೆ. ನಮಸ್ಕಾರ ಹೇಳಿ ಚಕ್ರ ತಿರುಗಿಸುತ್ತಾರೆ. ಸೊಂಟದ ಎಲುಬಿನ ಪಕ್ಕ ಬೆಳ್ಳಗೆ, ತುದಿ ಡೊಂಕಾದ ಒಂದು ಚೂರು ಫಳಕ್ಕನೆ ಹೊಳೆಯುತ್ತದೆ. ಸೂಜಿ.

"ಒಂದು ಗಂಟೆ ಹಿಂದೆ ಅಪ್ಪ ನನ್ನ ಎದುರೇ ಕೂತು ಕಾಫಿ ಕುಡಿದಿದ್ರು. ಸ್ಕ್ಯಾನ್ ಮಾಡಿಸಿದ್ದು ನಮಗ್ಯಾರಿಗೂ ಹೇಳಿರಲಿಲ್ಲ. ಇಲ್ಲಿ ನೋಡಿದ್ರೆ ಅವರ ಒಳಗೆಲ್ಲ ನನ್ನ ಮುಂದೆ ಬಿಚ್ಚಿಟ್ಟಿದೆ."

ಆಗ ಗೆರೆ ಎಳೆಯುವವರು ಇವರೊಬ್ಬರೇ. ಎಳೆಯುತ್ತಾರೆ. ಕಂಪ್ಯೂಟರ್ ಹಸಿರು ತೋರಿಸುತ್ತದೆ. ಹೋದ ಜೀವ ಬಂದಂತಾಗುತ್ತದೆ. ಆದರೆ ಕುರ್ಚಿಯಿಂದ ಏಳಲು ಮನಸ್ಸು ಬರುವುದಿಲ್ಲ. ನಾಳ ಬೆನ್ನೆಲುಬಿಗೆ ತಾಗುವ ಜಾಗದ ಬಿಲ್ಲೆಯೊಂದನ್ನು ದೊಡ್ಡದು ಮಾಡಿ ನೋಡುತ್ತಾರೆ. ಗೋಡೆ ಇರುವುದು ಪರದೆಯ ಒಂದೇ ಚುಕ್ಕೆಯಷ್ಟು ದಪ್ಪ, ಇವರ ಗೆರೆಗಳ ನಡುವೆ ಇರುವುದು ಎರಡು ಚುಕ್ಕೆ. ಮುಂದಿನದರಲ್ಲೂ ಎರಡು. ಅದರ ಮುಂದಿನದರಲ್ಲೂ.

"ನಾನು ಬೇಕೂಂತ ಮಾಡಿರಲಿಲ್ಲ. ಕೈ ತಾನಾಗೇ ಅಪ್ಪನ ಗೋಡೆ ದಪ್ಪ ಮಾಡಿತ್ತು."

ಮೂವತ್ತು ಬಿಲ್ಲೆಗಳ ಗೆರೆ ಅಳಿಸಿ ಮತ್ತೆ ಎಳೆಯುತ್ತಾರೆ. ಈ ಸಲ ಶರ್ಟಿನ ಗುಂಡಿಯಷ್ಟು ಅಗಲದ ಕೆಂಪು ಮೂಡುತ್ತದೆ. ಬಣ್ಣದ ಲೆಕ್ಕ ನೋಡಿಕೊಳ್ಳುವ ಎಂಜಿನಿಯರನ್ನು ಮೇಲಿನ ಮಹಡಿಯಿಂದ ಕರೆದು, ಇದು ನನ್ನ ಅಪ್ಪ, ನೀವೂ ನೋಡಿ ಎನ್ನುತ್ತಾರೆ. "ಗೆರೆ ಸರಿಯಾಗಿದೆ ಅಂದ್ರು. ತಪ್ಪಿದೆ ಅನ್ನಲಿ ಅಂತ ಕಾಯ್ತಾ ಇದ್ದೆ."

ಮಗಳ ಬಾಯಿಂದ ಸುದ್ದಿ ಹೊರಬೀಳುವಂತಿಲ್ಲ, ವೈದ್ಯರೇ ಹೇಳಬೇಕು. ಆ ಸಂಜೆ ಅಪ್ಪ ಕತ್ತರಿ ಎತ್ತಿಕೊಳ್ಳಲು ಬಗ್ಗಿದಾಗಲೆಲ್ಲ ಇವರು ಉಸಿರು ಬಿಗಿಹಿಡಿಯುತ್ತಾರೆ. ಅಂಗಿಯ ಒಳಗೆ ಆ ಕೆಂಪು ಗುಂಡಿ ಕಣ್ಣಿಗೆ ಕಟ್ಟಿದಂತಿರುತ್ತದೆ. ಮರುದಿನ ಆಸ್ಪತ್ರೆಯ ಕರೆ ಬರುತ್ತದೆ, ಅದರ ಮರುದಿನ ಆಪರೇಷನ್. ಒಡೆಯಲಿದ್ದ ಜಾಗಕ್ಕೆ ಬಟ್ಟೆಯ ಕೊಳವೆಯಿಟ್ಟು ಹೊಲಿಯುತ್ತಾರೆ. "ನನ್ನೊಳಗೆ ಬಟ್ಟೆ ಹಾಕಿದಾರೆ, ಯಾವ ಬಟ್ಟೆ ಅಂತ ಕೇಳಿದ್ರೆ ಸರಿಯಾಗಿ ಹೇಳೋರಿಲ್ಲ" ಎಂದು ಅಪ್ಪ ಇಂದಿಗೂ ಗೊಣಗುತ್ತಾರೆ.

ಎಲ್ಲ ಮುಗಿದ ಮೇಲೆ ಮಗಳು ನಡೆದದ್ದನ್ನು ಹೇಳಿದಾಗ ಅಪ್ಪ ಕೇಳಿದ್ದು ಒಂದೇ: "ಮೊದಲನೇ ಸಲ ಅಳತೆ ಯಾಕೆ ತಪ್ಪಿತು?"

"ದಾಕ್ಷಿಣ್ಯ, ಅಪ್ಪ."

ಅವರು ಹೊಲಿಗೆ ಯಂತ್ರದ ಕಡೆ ತಿರುಗಿದರಂತೆ. ತುಳಿಯಲು ಮಾತ್ರ ಬಹಳ ಹೊತ್ತು ಹಿಡಿಯಿತಂತೆ.

ಈಗ ಅಪ್ಪನಿಗೆ ವರ್ಷಕ್ಕೊಮ್ಮೆ ತಪಾಸಣೆಯ ಸ್ಕ್ಯಾನ್. ಅದರ ಗೆರೆ ಬೇರೆಯವರದು, ಇವರಿಗೆ ಬರಿಯ ನೋಟ. ನಿಮಗೇನು ಆಸೆ ಎಂದು ಕೇಳಿದರೆ ಗೆರೆಯಕ್ಕ ಚಕ್ರ ತಿರುಗಿಸುವುದನ್ನು ನಿಲ್ಲಿಸುತ್ತಾರೆ. ಪರದೆಯ ಮೇಲೆ ಯಾರದೋ ನಾಳವೂ ಉಸಿರು ಹಿಡಿದು ನಿಲ್ಲುತ್ತದೆ.

"ಕತ್ತಲಲ್ಲಿ ಆ ಸೂಜಿ ಹೊಳೆಯುತ್ತಲ್ಲ, ಅದು ವರ್ಷವರ್ಷ ಬರ್ತಾ ಇರಲಿ. ಅಷ್ಟೇ."