ತಿರುಗಿದ ಕುದುರೆಗಳು

ಹಳೆಯ ಕಂಪ್ಯೂಟರ್ ಬಿಸಿಯಾದಾಗ ಧೂಳು ಹುರಿದಂಥ ವಾಸನೆ ಬರುತ್ತದೆ. ನಿಮಗೂ ಗೊತ್ತಿರಬಹುದು. ಮೊನ್ನೆ ಮಧ್ಯಾಹ್ನ ಆ ವಾಸನೆ ಬಂದದ್ದೇ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಹಳೆಯ ಲಗ್ನಪತ್ರಿಕೆಯ ಫೈಲೊಂದು ಬೇಕಾಗಿತ್ತು. ಅದಕ್ಕಾಗಿ, ಅಕ್ಕ ತೀರಿಕೊಂಡ ಮೇಲೆ ಮೊದಲ ಸಲ ಅವಳ ಕಂಪ್ಯೂಟರ್ ಹಚ್ಚಿದ್ದೆ. ಎದ್ದವನು ಬಾಗಿಲವರೆಗೆ ಹೋಗಿ ನಿಂತೆ. ಎದ್ದು ಹೋಗುವುದು ನನ್ನ ಹಳೆಯ ರೋಗ. ಅವಳ ಕೊನೆಯ ದಿನವೂ ನಾನು ಎದ್ದು ಹೋಗಿದ್ದೆ.

ಬಸವಕಲ್ಯಾಣದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಕ್ಕ ಟೈಪಿಂಗ್ ಅಂಗಡಿ ಇಟ್ಟಿದ್ದಳು. ನಾನು ಪಿಯುಸಿಯನ್ನು ಎರಡು ಸಲ ಬರೆದು ಅವಳ ಕೈಕೆಳಗೆ ಸೇರಿದವನು. ಒಮ್ಮೆ ವರನ ಹೆಸರಿನ ಜಾಗದಲ್ಲಿ ವರನ ತಂದೆಯ ಹೆಸರು ಹಾಕಿ, ಕಾರ್ಡೆಲ್ಲ ಅಚ್ಚಾದ ಮೇಲೆ ನೋಡಿದ್ದೆ. ಅಕ್ಕ ಬೈಯಲಿಲ್ಲ. "ಮುದುಕಗ ಇನ್ನೊಂದ್ ಲಗ್ನ ಮಾಡಿದಿ, ಪುಣ್ಯಾ ಬರ್ತದ" ಅಂದಳು.

ಪ್ರತಿ ಗುರುವಾರ ಹುಮನಾಬಾದಿನಿಂದ ಕಾಗದದ ಕಟ್ಟು ತರುತ್ತಿದ್ದ ಸಲೀಂ, ಬಿಸಿಲು ಇಳಿಯುವವರೆಗೆ ನಮ್ಮಲ್ಲೇ ಕೂರುತ್ತಿದ್ದ. ಎರಡು ಕಂಪ್ಯೂಟರಿಗೆ ವೈರು ಜೋಡಿಸಿ ಹಳೆಯ ಕಾಲದ ಯುದ್ಧದ ಆಟ ಆಡುತ್ತಿದ್ದೆವು. ಸಲೀಮನದು ಬರೀ ಕುದುರೆ ಸೈನ್ಯ. ಅಕ್ಕನದು ಈಟಿ ಹಿಡಿದ ಕಾಲಾಳು. ಮೂರು ಸಾಲು, ಮೈಗೆ ಮೈ ಹತ್ತಿಸಿ, ಎರಡೂ ತುದಿಗಳನ್ನು ಹಿಂದಕ್ಕೆ ಬಾಗಿಸಿ ನಿಲ್ಲಿಸುತ್ತಿದ್ದಳು. ಕುದುರೆಗಳು ದಡದಡ ಬಂದು ಈಟಿಯ ಮುಂದೆ ವೇಗ ಕಳೆದುಕೊಂಡು ಬೀಳುತ್ತಿದ್ದವು.

ಅವಳಿಗೆ ಈ ವಿದ್ಯೆ ಕಲಿಸಿದ್ದು ಹುಮನಾಬಾದಿನ ಟಾಂಗಾದವನು. ನಾವು ಸಣ್ಣವರಿದ್ದಾಗ ಬಸ್‌ಸ್ಟ್ಯಾಂಡಿನಿಂದ ಸೋದರಮಾವನ ಮನೆಗೆ ಅವನ ಟಾಂಗಾದಲ್ಲೇ ಹೋಗುತ್ತಿದ್ದೆವು. ಕುದುರೆ ಮೈಮೇಲೆ ಬಂದರೆ ಏನು ಮಾಡಬೇಕೆಂದು ಅಕ್ಕ ಕೇಳಿದ್ದಳು. "ಅಡ್ಡ ಗ್ವಾಡಿ ಇದ್ರ ಕುದುರಿ ನಿಂದ್ರತದ ಬೇಟಿ. ಓಡೋರ್ನ ಕಂಡ್ರ ಅದೂ ಓಡ್ತದ" ಅಂದಿದ್ದ. ನಾನೂ ಪಕ್ಕದಲ್ಲೇ ಕೂತಿದ್ದೆ. ನನ್ನ ಧ್ಯಾನ ಅವನ ಕೈಯ ಚಾಬೂಕಿನ ಮೇಲಿತ್ತು.

ನನ್ನ ಪಾಳಿ ಬಂದಾಗ ನಾನೂ ಅಕ್ಕನಂತೆಯೇ ಈಟಿಯವರನ್ನು ಸಾಲಾಗಿ ನಿಲ್ಲಿಸುತ್ತಿದ್ದೆ. ಸಲೀಂ ಜಾಣ. ಕುದುರೆಗಳನ್ನು ಈಟಿಯ ಹತ್ತಿರ ತಂದು ಹೆದರಿದಂತೆ ಹಿಂದಕ್ಕೆ ತಿರುಗಿಸುತ್ತಿದ್ದ. ಅವುಗಳ ಬೆನ್ನು ಕಂಡ ತಕ್ಷಣ ನನ್ನ ಬೆರಳು ತಾನೇ ಮೌಸ್ ಒತ್ತುತ್ತಿತ್ತು, ನನ್ನ ಈಟಿಯವರು ಸಾಲು ಬಿಟ್ಟು ಓಡುತ್ತಿದ್ದರು. ಕುದುರೆಗಳು ಸುತ್ತು ಹಾಕಿ ಬಂದು ಪಕ್ಕೆಗೆ ನುಗ್ಗುತ್ತಿದ್ದವು.

"ಬಂದ್ರು ನೋಡ್ರಿ ಅಕ್ಕಾ, ತಮ್ಮ ಸಾಹೇಬ್ರು ನಡಕೋತ ಬಂದ್ರು. ಚಾ ತರಸ್ರಿ" ಎನ್ನುತ್ತಿದ್ದ ಸಲೀಂ. ಸೋತವರು ಚಹಾ ತರುವುದು ಪದ್ಧತಿ. ಹೋಟೆಲಿನವನಿಗೆ ನನ್ನ ಮುಖ ಕಂಡರೆ ಸಾಕು, ಮೂರು ಕಪ್ಪು ಹಾಕುತ್ತಿದ್ದ.

"ತಿರುಗಿದ ಕುದುರಿ ಓಡಿ ಹೋಗಿಲ್ಲೊ" ಎನ್ನುತ್ತಿದ್ದಳು ಅಕ್ಕ. "ಸುತ್ತ ಹಾಕಿ ಬರಾಕತ್ತದ. ನೀ ನಿಂದ್ರು ಅಷ್ಟ."

ಆಮೇಲೆ ಅವಳಿಗೆ ಜ್ವರ ಬಂತು, ಕಣ್ಣು ಹಳದಿಯಾದವು. ಊರಿನ ಆಸ್ಪತ್ರೆಗೆ ಸೇರಿಸಿದೆವು. ಹತ್ತು ದಿನ ನಾನು ಮಂಚದ ಪಕ್ಕ ಕದಲಲಿಲ್ಲ. ಹನ್ನೊಂದನೆಯ ದಿನ ಜ್ವರ ಇಳಿಯಿತು. ಅಕ್ಕ ಎರಡು ಚಮಚ ಗಂಜಿ ಕುಡಿದಳು. ರಕ್ತದ ರಿಪೋರ್ಟು ಹುಮನಾಬಾದಿನಿಂದ ಬರಬೇಕಿತ್ತು.

"ನಾನೇ ಹೋಗಿ ತರ್ತೀನಿ" ಅಂದೆ.

"ಸಲೀಂ ತರ್ತಾನ. ನೀ ಇಲ್ಲೇ ಕೂಡು."

"ಜ್ವರ ಇಳದಾವಲ್ಲ ಅಕ್ಕಾ. ಹೀಂಗ ಹೋಗಿ ಹಾಂಗ ಬರ್ತೀನಿ."

"ಇಳದಿಲ್ಲೊ" ಅಂದಳು, ಕಣ್ಣು ಮುಚ್ಚಿಕೊಂಡೇ. "ತಿರುಗ್ಯಾವ."

ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡೆ. ನಕ್ಕೆ ಕೂಡ. ಮಧ್ಯಾಹ್ನದ ಬಸ್ಸು ಹಿಡಿದು ಹೋಗಿ, ರಿಪೋರ್ಟಿನ ಲಕೋಟೆಯನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದೆ. ವಾರ್ಡಿನ ಬಾಗಿಲಲ್ಲಿ ಅವ್ವ ಕೂತಿದ್ದಳು. "ಎರಡ್ ಸಲ ಕೇಳಿದಳು, ತಮ್ಮ ಎಲ್ಲಿ ಅಂತ" ಅಂದಳು. ನಾನು ಬರುವಷ್ಟರಲ್ಲಿ ಅಕ್ಕ ಇರಲಿಲ್ಲ. ಆ ಲಕೋಟೆ ಇನ್ನೂ ಒಡೆದಿಲ್ಲ.

ಮೊನ್ನೆ ಬಾಗಿಲಿನಿಂದ ಹೇಗೋ ಮರಳಿ ಬಂದು ಕೂತೆ. ಪತ್ರಿಕೆಯ ಫೈಲು ಹುಡುಕುವಾಗ ಆಟದ ಫೈಲುಗಳು ಕಂಡವು. ಒಂದಕ್ಕೆ ಅಕ್ಕ 'ತಮ್ಮ' ಎಂದು ಹೆಸರಿಟ್ಟಿದ್ದಳು. ನನ್ನ ಅಭ್ಯಾಸಕ್ಕೆಂದು ಕಂಪ್ಯೂಟರೇ ಕುದುರೆ ನಡೆಸುವ ಯುದ್ಧವೊಂದನ್ನು ಅರ್ಧಕ್ಕೆ ನಿಲ್ಲಿಸಿ ಕಾಯ್ದಿಟ್ಟಿರುವುದಾಗಿ ಅವಳು ಒಮ್ಮೆ ಹೇಳಿದ್ದು ನೆನಪಾಯಿತು. ನಾನು ತೆರೆದೇ ಇರಲಿಲ್ಲ.

ತೆರೆದೆ. ಅವಳು ನಿಲ್ಲಿಸಿದ ಮೂರು ಸಾಲು, ಬಾಗಿದ ತುದಿಗಳು. ದೂರದಲ್ಲಿ ಧೂಳೆದ್ದಿತು. ಕುದುರೆಗಳು ಬಂದವು, ಈಟಿಯ ಸಮೀಪಕ್ಕೆ ಬಂದು ಹಿಂದಕ್ಕೆ ತಿರುಗಿದವು. ಬೆರಳು ಒತ್ತಲು ಹೋಯಿತು. ಮೌಸಿನಿಂದ ಕೈ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡೆ. ಈಟಿಗಳ ಮುಂದಿನ ಬಯಲು ಖಾಲಿಯಾಯಿತು, ಬರೀ ಗೊರಸಿನ ಸದ್ದು. ಅವು ಸುತ್ತು ಹಾಕುತ್ತಿದ್ದವು.

ಒಳಗಿನಿಂದ ಅವ್ವ ಕೂಗಿದಳು, "ಉಣ್ಣಾಕ ಬಾರೊ. ಎಲ್ಲಿ ಹೋದಿ?"

"ಎಲ್ಲೂ ಹೋಗಿಲ್ಲವ್ವಾ" ಅಂದೆ. "ಇಲ್ಲೇ ಕೂತೀನಿ."